ಮೊದಲ ಪ್ರಶಸ್ತಿ ಹದಿಮೂರನೆಯ ವರ್ಷ ಬಂತು: ಪ್ಯಾಟ್ ಸಮಿಟ್ ಅವರ ವೃತ್ತಿಯಿಂದ ನಮ್ಮ ಕಾಲೇಜು ತಂಡ ಏನನ್ನು ಕಲಿಯಬಹುದು?

ಪ್ರಶ್ನೆ: ದೈಹಿಕ ಶಿಕ್ಷಣ ನಿರ್ದೇಶಕಿ, ಗೋಣಿಕೊಪ್ಪ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಆರು ವರ್ಷಗಳಿಂದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವನ್ನು ಕಟ್ಟಲು ಪ್ರಯತ್ನಿಸುತ್ತಿದ್ದೇನೆ. ನಮ್ಮದು ಬಯಲಿನಲ್ಲಿರುವ ಕಾಂಕ್ರೀಟ್ ಅಂಕಣ. ಜೂನ್ ತಿಂಗಳಿನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ಕಳೆಯುವವರೆಗೆ ಅದರ ಮೇಲೆ ಪಾಚಿ ಕಟ್ಟಿ, ಕಾಲಿಟ್ಟರೆ ಜಾರುವಂತಿರುತ್ತದೆ. ಕಾಲೇಜು ತೆರೆದು ಹೊಸ ಮಕ್ಕಳು ತಂಡಕ್ಕೆ ಸೇರುವ ಕಾಲವೂ ಅದೇ ಆದ್ದರಿಂದ, ಕೆಲಸ ಆರಂಭಿಸಬೇಕಾದ ಹೊತ್ತಿನಲ್ಲಿಯೇ ನನ್ನ ಕೈ ಕಟ್ಟಿಹೋಗುತ್ತದೆ.

ಕೊಡಗಿನಲ್ಲಿ ಹಾಕಿಗೆ ಇರುವ ಸ್ಥಾನ ಬೇರೆ ಯಾವ ಆಟಕ್ಕೂ ಇಲ್ಲ ಎಂಬುದನ್ನು ನಾನು ಬೇಸರದಿಂದ ಹೇಳುತ್ತಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಹಬ್ಬವನ್ನು ನೋಡುತ್ತ ಬೆಳೆದ ಮಕ್ಕಳೇ ನನ್ನ ಬಳಿಗೆ ಬರುವವರು. ಸೊಂಟ ಬಗ್ಗಿಸಿ, ಮೊಣಕಾಲು ಮಡಿಸಿ ಓಡುವ ಅಭ್ಯಾಸ ಅವರಿಗೆ ಮೊದಲೇ ಇರುವುದರಿಂದ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಆಟ) ಕಲಿಸುವುದು ಸುಲಭವಾಗುತ್ತದೆ. ಚೆಂಡು ಕೈಗೆ ಬಂದ ಕೂಡಲೇ ಪಾದ ನಿಲ್ಲಿಸುವುದನ್ನು ಕಲಿಸಲು ಮಾತ್ರ ಒಂದು ವರ್ಷ ಹಿಡಿಯುತ್ತದೆ. ಹೀಗೆ ಕಲಿತ ಹುಡುಗಿಯರು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಮನೆಯವರು ಆಟ ಸಾಕು ಎನ್ನುತ್ತಾರೆ. ಆಡಳಿತ ಮಂಡಳಿಯವರು ಆರು ವರ್ಷಗಳಲ್ಲಿ ಎಷ್ಟು ಕಪ್ ಬಂದಿದೆ ಎಂದು ಕೇಳುತ್ತಾರೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಸೆಮಿಫೈನಲ್ ದಾಟದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿಲ್ಲ.

ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ ಸಮಿಟ್ ಅವರು 38 ವರ್ಷ ಒಂದೇ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ನೀಡಿ, 1,098 ಪಂದ್ಯಗಳನ್ನು ಗೆದ್ದು, 8 ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದರೆಂದು ಓದಿದೆ. ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಅವರು ತರಬೇತುದಾರರಾದದ್ದು 1974ರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1987ರಲ್ಲಿ. ಆ ನಡುವಿನ ವರ್ಷಗಳಲ್ಲಿ ಅವರು ಏನು ಮಾಡುತ್ತಿದ್ದರು, ತಂಡವನ್ನು ಹೇಗೆ ಉಳಿಸಿಕೊಂಡರು, ಗೆಲುವಿಗೆ ಕಾರಣ ಅಲ್ಲಿನ ಸೌಲಭ್ಯವೋ ಅವರ ಕ್ರಮವೋ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಬಾಸ್ಕೆಟ್‌ಬಾಲ್ ಅಭಿಮಾನಿ, ವಿರಾಜಪೇಟೆ

ಮೇಡಂ, ನಿಮ್ಮ ಪ್ರಶ್ನೆ ಸರಿಯಾದ ಜಾಗವನ್ನೇ ಮುಟ್ಟಿದೆ. ಸಮಿಟ್ ಅವರ ಬಗ್ಗೆ ಬರೆಯುವವರು ಹೆಚ್ಚಾಗಿ 1996ರಿಂದ 1998ರವರೆಗಿನ ಸತತ ಮೂರು ಪ್ರಶಸ್ತಿಗಳಿಂದ ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ವೃತ್ತಿಯ ತಿರುಳು ಇರುವುದು ಮೊದಲ ಹನ್ನೆರಡು ವರ್ಷಗಳಲ್ಲಿ.

1974ರಲ್ಲಿ ಅವರು ಟೆನೆಸಿಗೆ ಹೋದದ್ದು ಸ್ನಾತಕೋತ್ತರ ಪದವಿ ಓದುತ್ತ ಸಹಾಯಕ ಬೋಧಕಿಯಾಗಿ ಕೆಲಸ ಮಾಡುವುದಕ್ಕೆ. ಆಗಿನ ಮುಖ್ಯ ತರಬೇತುದಾರರು ರಜೆಯ ಮೇಲೆ ಹೋದದ್ದರಿಂದ, ಒಂದು ಪಂದ್ಯಕ್ಕೂ ತರಬೇತಿ ಕೊಟ್ಟ ಅನುಭವವಿಲ್ಲದ 22 ವರ್ಷದ ಹುಡುಗಿಯ ಕೈಗೆ ಇಡೀ ತಂಡ ಬಂತು. ಕೆಲವು ಆಟಗಾರ್ತಿಯರು ಅವರಿಗಿಂತ ಒಂದೇ ವರ್ಷ ಚಿಕ್ಕವರಾಗಿದ್ದರು. ತಿಂಗಳಿಗೆ 250 ಡಾಲರ್ ಸಂಬಳ. ಪರ ಊರಿನ ಪಂದ್ಯಗಳಿಗೆ ವ್ಯಾನ್ ಓಡಿಸುವವರೂ ಅವರೇ, ಆಟದ ಬಟ್ಟೆ ಒಗೆಯುವವರೂ ಅವರೇ. ಆ ಬಟ್ಟೆಗೆ ಹಣ ಬಂದದ್ದು ಡೋನಟ್ ಮಾರಾಟ ಮಾಡಿ. ಒಮ್ಮೆ ಹೋಟೆಲಿಗೆ ಹಣವಿಲ್ಲದೆ, ಎದುರಾಳಿ ಕಾಲೇಜಿನ ಜಿಮ್ನೇಷಿಯಂ ನೆಲದಲ್ಲಿಯೇ ಹಾಸಿಗೆ ಹಾಸಿಕೊಂಡು ತಂಡ ರಾತ್ರಿ ಕಳೆಯಿತು. ಇವೆಲ್ಲದರ ಜೊತೆಗೆ ಅವರು ತರಗತಿಗಳಿಗೆ ಪಾಠ ಮಾಡುತ್ತಿದ್ದರು, ತಮ್ಮ ಓದನ್ನೂ ನೋಡಿಕೊಳ್ಳುತ್ತಿದ್ದರು, ಅದೇ ವರ್ಷ ಗಾಯವಾಗಿದ್ದ ಮೊಣಕಾಲನ್ನು ಸರಿಪಡಿಸಿಕೊಂಡು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಸಿದ್ಧರಾಗುತ್ತಿದ್ದರು. ಮಹಿಳೆಯರ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಅಮೆರಿಕ ತಂಡದಲ್ಲಿ ಆಡಿ ಅವರು ಬೆಳ್ಳಿ ಪದಕ ಪಡೆದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದೇ ದೇಶದ ತಂಡಕ್ಕೆ ತರಬೇತುದಾರರಾಗಿ ಚಿನ್ನ ಗೆಲ್ಲಿಸಿದರು.

ಅವರ ಮೊದಲ ಪಂದ್ಯ ಒಂದು ಅಂಕದ ಸೋಲು: ಮರ್ಸರ್ 84, ಟೆನೆಸಿ 83. ಆ ಋತುವಿನಲ್ಲಿ 16 ಗೆಲುವು, 8 ಸೋಲು. ಆಮೇಲೆ ತಂಡ ಮತ್ತೆ ಮತ್ತೆ ಕೊನೆಯ ನಾಲ್ಕರ ಹಂತಕ್ಕೆ ಹೋಯಿತು; 1980, 1981 ಮತ್ತು 1984ರಲ್ಲಿ ಅಂತಿಮ ಪಂದ್ಯವನ್ನೂ ತಲುಪಿ ಸೋತಿತು. ದೊಡ್ಡ ಪಂದ್ಯಗಳನ್ನು ಗೆಲ್ಲಲಾರದ ತಂಡವೆಂಬ ಮಾತು ಹೀಗೆ ಹುಟ್ಟಿಕೊಂಡಿತು. 1987ರ ಅಂತಿಮ ಪಂದ್ಯದಲ್ಲಿ ಲೂಸಿಯಾನಾ ಟೆಕ್ ತಂಡವನ್ನು 67–44ರಿಂದ ಸೋಲಿಸಿದಾಗ ಅದು ಅವರ ಹದಿಮೂರನೆಯ ಋತು. ಎದುರಾಳಿಯನ್ನು 44 ಅಂಕಕ್ಕೆ ಕಟ್ಟಿಹಾಕಿದ್ದನ್ನು ಗಮನಿಸಿ. ಡಿಫೆನ್ಸ್ ಮತ್ತು ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು) ಎರಡೂ ಕೌಶಲಕ್ಕಿಂತ ಮೊದಲು ಮನಸ್ಸು ಮಾಡಿದರೆ ಬರುವಂಥವು ಎಂದು ನಂಬಿ, ಅಭ್ಯಾಸದ ಹೆಚ್ಚಿನ ಹೊತ್ತನ್ನು ಅವರು ಅವಕ್ಕೇ ಕೊಟ್ಟವರು.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಟೆನೆಸಿ ರಾಜ್ಯದ ಶಾಲೆಗಳಲ್ಲಿ ಆಗ ಹುಡುಗಿಯರು ಆರು ಜನರ ಆಟವನ್ನು ಆಡುತ್ತಿದ್ದರು. ಮೂವರು ಅಂಕಣದ ಒಂದು ಅರ್ಧದಲ್ಲಿ ಅಂಕ ಗಳಿಸುವವರು, ಮೂವರು ಇನ್ನೊಂದು ಅರ್ಧದಲ್ಲಿ ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿರಲಿಲ್ಲ. ಹುಡುಗಿಯರಿಗೆ ಪೂರ್ಣ ಅಂಕಣ ಓಡುವ ಶಕ್ತಿಯಿಲ್ಲ ಎಂಬ ಹಳೆಯ ನಂಬಿಕೆ ಅದರ ಹಿಂದಿತ್ತು. ಅಲ್ಲಿ ತಡೆಯುವ ಜಾಗದಲ್ಲಿಯೇ ಬೆಳೆದ ಹುಡುಗಿಗೆ ಬುಟ್ಟಿಗೆ ಚೆಂಡು ಹಾಕುವುದು ಗೊತ್ತಿರುತ್ತಿರಲಿಲ್ಲ, ಆದ್ದರಿಂದ ಕಾಲೇಜು ತಂಡಗಳು ಅವಳನ್ನು ಕರೆಯುತ್ತಿರಲಿಲ್ಲ. ಸಮಿಟ್ ಅವರು ಇದರ ವಿರುದ್ಧ ಬಹಿರಂಗವಾಗಿ ನಿಂತರು. 1979ರಲ್ಲಿ ಆ ರಾಜ್ಯ ಐವರ ಆಟಕ್ಕೆ ಬದಲಾಯಿತು. ತನ್ನ ತಂಡ ಗೆಲ್ಲದಿದ್ದ ಆ ವರ್ಷಗಳಲ್ಲಿಯೇ ಇಡೀ ರಾಜ್ಯದ ಹುಡುಗಿಯರ ಆಟವನ್ನು ಸರಿಪಡಿಸಿದ್ದು ಯಾವ ಕಪ್‌ಗಿಂತ ಕಡಿಮೆಯೆಂದು ನನಗೆ ಅನ್ನಿಸುವುದಿಲ್ಲ.

ಉತ್ತರ 2: ಕ್ರೀಡಾಸಕ್ತ, ಮಡಿಕೇರಿ

ಮೇಲಿನ ಉತ್ತರದಲ್ಲಿರುವುದೆಲ್ಲ ನಿಜ. ಆದರೆ ಒಬ್ಬರ ಛಲವನ್ನಷ್ಟೇ ನೋಡಿದರೆ ಚಿತ್ರ ಅರ್ಧವಾಗುತ್ತದೆ. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಕೇಂದ್ರ ಸರಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ ಎಂಬುದು ಅದರ ಸಾರ. ಸಮಿಟ್ ಕೆಲಸಕ್ಕೆ ಸೇರಿದ್ದು ಅದಾದ ಎರಡೇ ವರ್ಷಕ್ಕೆ. ವಿದ್ಯಾರ್ಥಿವೇತನ, ಪ್ರಯಾಣದ ಖರ್ಚು, ಸಹಾಯಕ ತರಬೇತುದಾರರು ಎಲ್ಲವೂ ನಿಧಾನವಾಗಿ ಆ ಕಾನೂನಿನ ಬೆನ್ನಿಗೆ ಬಂದವು. 250 ಡಾಲರ್‌ನಿಂದ ಆರಂಭಿಸಿದವರು 2006ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು ಸಂಬಳ ಪಡೆದ ಮೊದಲ ಮಹಿಳಾ ಬಾಸ್ಕೆಟ್‌ಬಾಲ್ ತರಬೇತುದಾರರಾದರು. ನಿಮ್ಮ ಆಡಳಿತ ಮಂಡಳಿಯವರು ಕಪ್ ಕೇಳುವಾಗ, ತಂಡಕ್ಕೆ ವರ್ಷಕ್ಕೆ ಎಷ್ಟು ಚೆಂಡು, ಎಷ್ಟು ಬಸ್ ಖರ್ಚು ಕೊಟ್ಟಿದ್ದಾರೆ ಎಂಬ ಲೆಕ್ಕವನ್ನು ನೀವು ಗೌರವದಿಂದಲೇ ಅವರ ಮುಂದಿಡಬೇಕು. ಕೇಳದೆ ಬರುವ ಸೌಲಭ್ಯ ಎಲ್ಲಿಯೂ ಇಲ್ಲ, ಟೆನೆಸಿಯಲ್ಲಿಯೂ ಇರಲಿಲ್ಲ.

ಉತ್ತರ 3: ನಿವೃತ್ತ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ), ಸೋಮವಾರಪೇಟೆ

ತಾಯಿ, ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಸೌಲಭ್ಯದ ಪ್ರಶ್ನೆಗೆ ಇನ್ನೊಬ್ಬ ತರಬೇತುದಾರರ ಉದಾಹರಣೆಯಿಂದ ಉತ್ತರ ಕೊಡುತ್ತೇನೆ.

ಜಾನ್ ವುಡನ್ ಅವರು 1948ರಿಂದ 1975ರವರೆಗೆ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದ ಪುರುಷರ ತಂಡಕ್ಕೆ ತರಬೇತಿ ನೀಡಿದರು. ಕೊನೆಯ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ, ಸತತ 88 ಪಂದ್ಯಗಳ ಗೆಲುವು. ಇವು ಎಲ್ಲರಿಗೂ ಗೊತ್ತು. ಆದರೆ ಮೊದಲ ಪ್ರಶಸ್ತಿ ಬಂದದ್ದು 1964ರಲ್ಲಿ, ಅಲ್ಲಿ ಅವರ ಹದಿನಾರನೆಯ ಋತುವಿನಲ್ಲಿ. ಅಲ್ಲಿಯವರೆಗೆ ಅವರು ಅಭ್ಯಾಸ ಮಾಡಿಸಿದ ಜಾಗ ಹಳೆಯ ಜಿಮ್ನೇಷಿಯಂನ ಮೇಲಿನ ಮಹಡಿ; ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ ಜಿಮ್ನಾಸ್ಟಿಕ್ಸ್ ಮಾಡುವವರೂ ಕುಸ್ತಿಯವರೂ ಇರುತ್ತಿದ್ದರು. ನೆಲದ ಧೂಳಿನಲ್ಲಿ ಹುಡುಗರು ಜಾರಬಾರದೆಂದು ವುಡನ್ ಅವರೇ ಸಹಾಯಕರೊಂದಿಗೆ ಪ್ರತಿದಿನ ಅಭ್ಯಾಸಕ್ಕೆ ಮುಂಚೆ ಗುಡಿಸಿ ಒರೆಸುತ್ತಿದ್ದರು. ಬೆಂಕಿಯ ಅಪಾಯವಿದೆಯೆಂದು ಅಲ್ಲಿ ಹೆಚ್ಚು ಪ್ರೇಕ್ಷಕರನ್ನು ಬಿಡಕೂಡದೆಂದು ಆದೇಶವಾದ ಮೇಲೆ ತಂಡ ತನ್ನ ಊರಿನ ಪಂದ್ಯಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಆಡಬೇಕಾಯಿತು. ಹೊಸ ಕ್ರೀಡಾಂಗಣ ತೆರೆದದ್ದು 1965ರಲ್ಲಿ, ಅಷ್ಟರಲ್ಲಿ ಎರಡು ಪ್ರಶಸ್ತಿಗಳು ಬಂದಾಗಿತ್ತು. 1964ರ ತಂಡದ ಮೊದಲ ಐವರಲ್ಲಿ 6 ಅಡಿ 5 ಅಂಗುಲಕ್ಕಿಂತ ಎತ್ತರದವರು ಒಬ್ಬರೂ ಇರಲಿಲ್ಲ. ಅಂಕಣದುದ್ದಕ್ಕೂ ಎದುರಾಳಿಯನ್ನು ಒತ್ತುವ ಡಿಫೆನ್ಸ್‌ನಿಂದ ಆಡಿದ 30 ಪಂದ್ಯಗಳನ್ನೂ ಅವರು ಗೆದ್ದರು. ಎತ್ತರ ಕಡಿಮೆಯಿದ್ದು ಕಾಲಿನಲ್ಲಿ ವೇಗವಿರುವ ನಿಮ್ಮ ಹಾಕಿ ಹುಡುಗಿಯರಿಗೆ ಈ ಆಟ ಹೇಳಿ ಮಾಡಿಸಿದಂತಿದೆ ಎಂದು ನನ್ನ ಅಭಿಪ್ರಾಯ.

ವುಡನ್ ಅವರು ಮೊದಲಿಗೆ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರು. ಋತುವಿನ ಮೊದಲ ದಿನ ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿಕೊಳ್ಳುವುದನ್ನೂ ಬೂಟಿನ ದಾರ ಬಿಗಿಯುವುದನ್ನೂ ಕಲಿಸುತ್ತಿದ್ದರು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆಟಗಾರ ಕೂರುತ್ತಾನೆ. ಪ್ರತಿದಿನದ ಅಭ್ಯಾಸವನ್ನು ನಿಮಿಷದ ಲೆಕ್ಕದಲ್ಲಿ ಸಣ್ಣ ಕಾರ್ಡಿನ ಮೇಲೆ ಬರೆದುಕೊಂಡು ಬರುತ್ತಿದ್ದರು. ಅವರ ಕೊನೆಯ ಋತುವಿನಲ್ಲಿ ಇಬ್ಬರು ಮನೋವಿಜ್ಞಾನಿಗಳು ಅಂಕಣದ ಪಕ್ಕದಲ್ಲಿ ಕುಳಿತು, ಕಲಿಸುವಾಗ ಅವರ ಬಾಯಿಂದ ಬಂದ ಮಾತು ಮತ್ತು ಸೂಚನೆಗಳನ್ನು ದಾಖಲಿಸಿದರು. ಒಟ್ಟು 2,326ರಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ವಿಷಯ: ಪಾದ ಎಲ್ಲಿಡಬೇಕು, ಪಾಸ್ ಯಾವಾಗ ಕೊಡಬೇಕು, ಯಾಕೆ ಹೀಗೆ. ಹೊಗಳಿಕೆಯೂ ಕಡಿಮೆ, ಬೈಗುಳವೂ ಕಡಿಮೆ. ಇದನ್ನು ಓದಿದ ಮೇಲೆ ನನ್ನ ಸ್ವಂತ ಅಭ್ಯಾಸವನ್ನು ಒಂದು ದಿನ ವಿದ್ಯಾರ್ಥಿಯೊಬ್ಬನಿಂದ ಬರೆಸಿ ನೋಡಿದೆ. ನಾನು ಹೆಚ್ಚಾಗಿ ಬೇಗ, ಇನ್ನೂ ಜೋರಾಗಿ ಎಂದು ಕೂಗುತ್ತಿದ್ದೆನೇ ಹೊರತು ಹೇಗೆ ಎಂಬುದನ್ನು ಹೇಳುತ್ತಲೇ ಇರಲಿಲ್ಲ. ಅದನ್ನು ತಿದ್ದಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಮಳೆಗಾಲದ ಬಗ್ಗೆ: ಅಂಕಣ ಇಲ್ಲದಿದ್ದರೂ ಕಾಲೇಜಿನ ವರಾಂಡದಲ್ಲಿ ಪಾದದ ಕೆಲಸ ಕಲಿಸಬಹುದು. ಚೆಂಡು ಹಿಡಿದು ಎರಡು ಹೆಜ್ಜೆಯಲ್ಲಿ ನಿಲ್ಲುವುದು, ಒಂದು ಪಾದವನ್ನು ಊರಿ ಇನ್ನೊಂದನ್ನು ತಿರುಗಿಸುವುದು, ಎದೆಯಿಂದ ಪಾಸ್, ನೆಲಕ್ಕೆ ಬಡಿದ ಪಾಸ್, ಗೋಡೆಗೆ ಬೆನ್ನು ಕೊಟ್ಟು ಡಿಫೆನ್ಸ್ ಭಂಗಿಯಲ್ಲಿ ಕೂರುವುದು. ಹಾಕಿಯಿಂದ ಬಂದ ಮಕ್ಕಳಿಗೆ ಕಷ್ಟವಾಗುವುದು ಇದೇ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಬುಟ್ಟಿ ಬೇಕಾಗದ ಈ ಪಾಠಕ್ಕೆ ಮಳೆಗಾಲವೇ ಸರಿಯಾದ ಕಾಲ. ಒಣ ದಿನಗಳು ಬಂದಾಗ ಓಡುತ್ತ ಬುಟ್ಟಿಯ ಹತ್ತಿರ ಹೋಗಿ ಚೆಂಡು ಹಾಕುವ ಲೇ-ಅಪ್‌ಗೂ ಅಂಕಣದುದ್ದಕ್ಕೂ ಒತ್ತುವ ಪ್ರೆಸ್‌ಗೂ ಪೂರ್ತಿ ಸಮಯ ಸಿಗುತ್ತದೆ.

ಉತ್ತರ 4: ಕಾಫಿ ಬೆಳೆಗಾರ್ತಿ, ಪೊನ್ನಂಪೇಟೆ ಸಮೀಪ

ನಾನು ಕೋಚ್ ಅಲ್ಲ. ಕಾಲೇಜು ತಂಡದಲ್ಲಿ ಆಡುವ ಹುಡುಗಿಯ ತಾಯಿ. ಕೊನೆಯ ವರ್ಷದಲ್ಲಿ ಮಗಳನ್ನು ಆಟದಿಂದ ಬಿಡಿಸುವ ತಂದೆ ತಾಯಿಯರಲ್ಲಿ ನಾನೂ ಒಬ್ಬಳಾಗುತ್ತಿದ್ದೆ. ಏಕೆಂದು ಹೇಳುವುದು ಇಲ್ಲಿ ಉಪಯೋಗಕ್ಕೆ ಬರಬಹುದು.

ಆಟ ಬೇಡವೆಂಬ ಮನಸ್ಸು ನಮ್ಮ ಮನೆಯಲ್ಲಿ ಇರಲಿಲ್ಲ. ಅಭ್ಯಾಸ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕೊನೆಯ ಬಸ್ ಹೋಗಿರುತ್ತಿತ್ತು. ಜನವರಿಯಲ್ಲಿ ರೊಬಸ್ಟಾ ಕೊಯ್ಲು ನಡೆಯುವಾಗ ಜೀಪ್ ಕಳುಹಿಸಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಎರಡನೆಯದಾಗಿ, ಎರಡು ವಿಷಯಗಳಲ್ಲಿ ಅವಳ ಅಂಕ ಇಳಿದಿತ್ತು, ಅದನ್ನು ನಮಗೆ ತಿಳಿಸಿದವರು ಯಾರೂ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ನೋಡಿದ ದಿನ ಅವಳ ತಂದೆ ಬೂಟುಗಳನ್ನು ಅಟ್ಟಕ್ಕೆ ಹಾಕಿದರು.

ಪ್ಯಾಟ್ ಸಮಿಟ್ ಅವರ ಬಾಲ್ಯದ ಕಥೆಯನ್ನು ಓದಿದಾಗ ನನಗೆ ನಮ್ಮ ಮನೆಯೇ ಕಂಡಿತು. ಟೆನೆಸಿಯ ಹಳ್ಳಿಯಲ್ಲಿ ಹಸು, ಹೊಗೆಸೊಪ್ಪು, ಹುಲ್ಲು ಇವುಗಳ ನಡುವೆ ಮೂವರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ಹುಡುಗಿ. ದಿನದ ದುಡಿಮೆ ಮುಗಿದ ಮೇಲೆ ಕೊಟ್ಟಿಗೆಯ ಹುಲ್ಲಟ್ಟದಲ್ಲಿ ದೀಪ ಹಾಕಿಕೊಂಡು ಅಣ್ಣಂದಿರ ಜೊತೆ ಆಡುತ್ತಿದ್ದಳು. ನಮ್ಮ ಮಗಳು ಆಡುವುದು ಕಾಫಿ ಕಣದ ಅಂಚಿನಲ್ಲಿ ನೆಟ್ಟ ಕಂಬಕ್ಕೆ; ಕಣದ ತುಂಬ ಹಣ್ಣು ಹರಡಿದಾಗ ಅವಳಿಗೆ ಜಾಗವಿಲ್ಲ. ಸಮಿಟ್ ಅವರ ಊರಿನ ಪ್ರೌಢಶಾಲೆಯಲ್ಲಿ ಹುಡುಗಿಯರ ತಂಡವಿಲ್ಲವೆಂದು ಅವರ ತಂದೆ ತಾಯಿ ತಂಡವಿರುವ ಶಾಲೆಯ ವ್ಯಾಪ್ತಿಗೆ ಸಂಸಾರವನ್ನೇ ಸಾಗಿಸಿದರು. ತೋಟ ಬಿಟ್ಟು ನಾವು ಹೋಗಲಾರೆವು, ಆದರೆ ಬಸ್ಸಿನ ಹೊತ್ತಿಗೆ ಏನಾದರೂ ಮಾಡಲಾರೆವೇ ಎಂದು ಆ ದಿನ ನಾನು ಮನೆಯವರನ್ನು ಕೇಳಿದೆ.

ತಾಯಿಯಾಗಿ ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಸಮಿಟ್ ಅವರ ಓದಿನ ನಿಯಮ. ಅವರ ಆಟಗಾರ್ತಿಯರು ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲಿಯೇ ಕೂರಬೇಕಿತ್ತು. ತರಗತಿ ತಪ್ಪಿಸಿದವಳು ಎಷ್ಟೇ ದೊಡ್ಡ ಆಟಗಾರ್ತಿಯಾದರೂ ಮುಂದಿನ ಪಂದ್ಯ ಆಡುವಂತಿರಲಿಲ್ಲ. ಟೆನೆಸಿಯಲ್ಲಿ ತನ್ನ ಆಟದ ಅವಧಿಯನ್ನು ಪೂರ್ತಿ ಮುಗಿಸಿದ ಪ್ರತಿ ಹುಡುಗಿಯೂ ಪದವಿ ಪಡೆದಳು. 38 ವರ್ಷಗಳಲ್ಲಿ ಒಬ್ಬಳೂ ತಪ್ಪಿಲ್ಲ. 1,098 ಗೆಲುವುಗಳನ್ನು ಈಗ ಬೇರೆಯವರು ದಾಟಿದ್ದಾರೆ, ಮುಂದೆಯೂ ದಾಟುತ್ತಾರೆ. ನಮ್ಮಂಥ ಮನೆಗಳಲ್ಲಿ ಎಣಿಕೆಗೆ ಬರುವುದು ಈ ಪದವಿಯ ಲೆಕ್ಕ. ಅವರ ತಂಡದ ತಮಿಕಾ ಕ್ಯಾಚಿಂಗ್ಸ್ ಎಂಬ ಆಟಗಾರ್ತಿಗೆ ಹುಟ್ಟಿನಿಂದಲೇ ಕಿವಿ ಮಂದ. ಸಹಪಾಠಿಗಳು ಹಂಗಿಸುತ್ತಾರೆಂದು ಚಿಕ್ಕಂದಿನಲ್ಲಿಯೇ ಶ್ರವಣಯಂತ್ರ ಬಿಟ್ಟಿದ್ದಳು. ಅದನ್ನು ಮತ್ತೆ ಹಾಕಿಕೊಳ್ಳುವಂತೆ ಅವಳನ್ನು ಒಪ್ಪಿಸಿದ್ದು ಟೆನೆಸಿಯಲ್ಲಿ. ಮುಂದೆ ಅವಳು ನಾಲ್ಕು ಒಲಿಂಪಿಕ್ ಚಿನ್ನದ ಪದಕ ಗೆದ್ದಳು. ಮಗಳನ್ನು ಒಬ್ಬ ಕೋಚ್ ಕೈಗೆ ಒಪ್ಪಿಸುವಾಗ ಹೆತ್ತವರು ಬಯಸುವುದು ಇಂಥ ಕಾಳಜಿಯನ್ನು.

ಒಂದು ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ರಾತ್ರಿ ಹೊರಗೆ ಸುತ್ತಾಡಿ ಬಂದ ಆಟಗಾರ್ತಿಯರನ್ನು ಸಮಿಟ್ ಅವರು, ಅಂಕಣದ ಮೂಲೆಗಳಲ್ಲಿ ಕಸದ ಡಬ್ಬಗಳನ್ನಿಟ್ಟು ವಾಂತಿ ಬರುವವರೆಗೆ ಓಡಿಸಿದರೆಂದು ಓದಿದೆ. ಆ ಕಾಲದಲ್ಲಿ ಅಲ್ಲಿ ನಡೆಯಿತು. ಇಲ್ಲಿ ಯಾವ ಕೋಚ್ ಕೂಡ ಅದನ್ನು ಅನುಸರಿಸಬಾರದು. ಹಾಗೆ ಓಡಿಸಿದರೆ ಮಕ್ಕಳು ಮಾತ್ರವಲ್ಲ, ಅವರ ಮನೆಯವರೂ ದೂರವಾಗುತ್ತಾರೆ.

ಉತ್ತರ 5: ಬಾಸ್ಕೆಟ್‌ಬಾಲ್ ಅಭಿಮಾನಿ, ವಿರಾಜಪೇಟೆ

ಅಕ್ಕ, ಶಿಕ್ಷೆಯ ಬಗ್ಗೆ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ. ಸಮಿಟ್ ಅವರೇ ಮುಂದಿನ ವರ್ಷಗಳಲ್ಲಿ ಬದಲಾದವರು. ಇನ್ನು ಸೋಲಿನ ಮಾತಿಗೆ ಬಂದರೆ, 1996–97ರಲ್ಲಿ ಅವರ ತಂಡ 10 ಪಂದ್ಯಗಳನ್ನು ಸೋತಿತು. ಆದರೂ ತಂಡ ಚೇತರಿಸಿಕೊಂಡು ಕೊನೆಗೆ ಪ್ರಶಸ್ತಿ ಗೆದ್ದಿತು. ಮುಂದಿನ ವರ್ಷ ಒಂದೂ ಸೋಲಿಲ್ಲದೆ 39 ಪಂದ್ಯಗಳು.

ಮೇಡಂ ಅವರಿಗೆ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಸಮಿಟ್ ಅವರು ತಮ್ಮ ಆಟಗಾರ್ತಿಯರ ಅಭ್ಯಾಸಕ್ಕೆ ಎದುರಾಳಿಗಳಾಗಿ ಕಾಲೇಜಿನ ಹುಡುಗರನ್ನು ಕರೆಸುತ್ತಿದ್ದರು. ಹನ್ನೆರಡೇ ಹುಡುಗಿಯರಿರುವ ತಂಡಕ್ಕೆ ಇದರಿಂದ ಬಹಳ ಅನುಕೂಲ, ಖರ್ಚೂ ಇಲ್ಲ. ಎರಡನೆಯದು, ಪುರುಷರ ತಂಡಕ್ಕೆ ಬರುವಂತೆ ಅವರನ್ನು ಎರಡು ಬಾರಿ ಕೇಳಲಾಗಿತ್ತು, ಎರಡು ಬಾರಿಯೂ ಅವರು ಹೋಗಲಿಲ್ಲ. 2011ರ ಆಗಸ್ಟ್‌ನಲ್ಲಿ, 59ನೆಯ ವಯಸ್ಸಿನಲ್ಲಿ, ಮರೆವಿನ ಕಾಯಿಲೆ ಆರಂಭವಾಗಿರುವುದನ್ನು ಅವರೇ ಜನರಿಗೆ ತಿಳಿಸಿದರು. ತಮ್ಮ ಹಳೆಯ ಆಟಗಾರ್ತಿಯೂ ದೀರ್ಘಕಾಲದ ಸಹಾಯಕಿಯೂ ಆದ ಹಾಲಿ ವಾರ್ಲಿಕ್ ಅವರಿಗೆ ಹೆಚ್ಚಿನ ಹೊಣೆ ವಹಿಸಿ, ಇನ್ನೊಂದು ಪೂರ್ಣ ಋತು ಬೆಂಚಿನ ಮೇಲೆ ಕುಳಿತು, 2012ರಲ್ಲಿ ತಂಡವನ್ನು ಅವರ ಕೈಗೆ ಒಪ್ಪಿಸಿದರು. 2016ರ ಜೂನ್ 28ರಂದು ತೀರಿಕೊಂಡರು. ತನ್ನ ನಂತರ ತಂಡವನ್ನು ನಡೆಸಬಲ್ಲವರನ್ನು ಆ ತಂಡದ ಒಳಗಿನಿಂದಲೇ ಬೆಳೆಸಿದ್ದು ಆರು ವರ್ಷ ಮುಗಿಸಿರುವ ನೀವು ಈಗಿನಿಂದಲೇ ಯೋಚಿಸಬಹುದಾದ ವಿಷಯ. ನಿಮ್ಮ ಹಳೆಯ ಆಟಗಾರ್ತಿಯರಲ್ಲಿ ಬಿ.ಪಿ.ಎಡ್. (ದೈಹಿಕ ಶಿಕ್ಷಣ ಪದವಿ) ಮಾಡಲು ಮನಸ್ಸಿರುವವರು ಒಬ್ಬರಾದರೂ ಇರಬಹುದು.

ಪ್ರಶ್ನೆ ಕೇಳಿದವರು: ದೈಹಿಕ ಶಿಕ್ಷಣ ನಿರ್ದೇಶಕಿ, ಗೋಣಿಕೊಪ್ಪ

ಎಲ್ಲರ ಉತ್ತರಗಳನ್ನು ಎರಡು ಬಾರಿ ಓದಿದೆ. ಪೊನ್ನಂಪೇಟೆಯ ಅಕ್ಕನವರು ಬರೆದದ್ದನ್ನು ಓದುವಾಗ ನನಗೆ ನಾಚಿಕೆಯೂ ಆಯಿತು. ಆರು ವರ್ಷಗಳಲ್ಲಿ ಬಿಟ್ಟುಹೋದ ಹುಡುಗಿಯರ ಮನೆಗಳಿಗೆ ನಾನು ಒಮ್ಮೆಯೂ ಹೋಗಿಲ್ಲ. ಹೆತ್ತವರಿಗೆ ಆಟ ಬೇಡವೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಬಸ್ಸಿನ ಹೊತ್ತು ಕಾರಣವಾಗಿರಬಹುದೆಂದು ಕೇಳಿ ನೋಡಿರಲಿಲ್ಲ.

ಈ ವಾರದಿಂದ ಅಭ್ಯಾಸವನ್ನು ಸಂಜೆಯಿಂದ ಬೆಳಗ್ಗೆಗೆ, ಮೊದಲ ತರಗತಿಗೆ ಮುಂಚೆ ಒಂದು ಗಂಟೆಗೆ ತರಲು ಪ್ರಾಂಶುಪಾಲರ ಅನುಮತಿ ಕೇಳಿದ್ದೇನೆ. ಹನ್ನೆರಡು ಮಕ್ಕಳಲ್ಲಿ ಒಂಬತ್ತು ಮಂದಿಗೆ ಬೆಳಗಿನ ಬಸ್ ಸಿಗುತ್ತದೆ. ಉಳಿದ ಮೂವರ ಮನೆಗಳಿಗೆ ಭಾನುವಾರ ಹೋಗಿ ಮಾತನಾಡುತ್ತೇನೆ. ಉಪನ್ಯಾಸಕರಿಂದ ಪ್ರತಿ ತಿಂಗಳು ಹಾಜರಾತಿಯನ್ನೂ ಕಿರುಪರೀಕ್ಷೆಯ ಅಂಕಗಳನ್ನೂ ಪಡೆದು ಮನೆಗಳಿಗೆ ನಾನೇ ತಿಳಿಸುತ್ತೇನೆ, ತರಗತಿ ತಪ್ಪಿಸಿದವರು ಆಡುವಂತಿಲ್ಲ ಎಂಬ ನಿಯಮವನ್ನು ತಂಡದ ನಾಯಕಿಯಿಂದಲೇ ಆರಂಭಿಸುತ್ತೇನೆ. ಆಡಳಿತ ಮಂಡಳಿಗೆ ಖರ್ಚಿನ ಲೆಕ್ಕದ ಜೊತೆಗೆ, ನಮ್ಮ ತಂಡದಲ್ಲಿ ಆಡಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದ್ದಾರೆ ಎಂಬ ಪಟ್ಟಿಯನ್ನೂ ಕೊಡಲಿದ್ದೇನೆ. ಹಳೆಯ ಹಾಜರಾತಿ ಪುಸ್ತಕಗಳನ್ನು ತೆಗೆದು ನಿನ್ನೆ ರಾತ್ರಿ ಆ ಪಟ್ಟಿ ಬರೆಯಲು ಕುಳಿತೆ. ಇಪ್ಪತ್ತೊಂದು ಹೆಸರುಗಳು ಸಿಕ್ಕಿವೆ, ಇನ್ನೂ ಎರಡು ವರ್ಷದ ಪುಸ್ತಕಗಳು ಬಾಕಿ ಇವೆ.

ಸೋಮವಾರಪೇಟೆಯ ಸರ್ ಅವರಲ್ಲಿ ಒಂದು ವಿನಂತಿ. ವರಾಂಡದಲ್ಲಿ ಮಾಡಿಸಬಹುದಾದ ಪಾದದ ಅಭ್ಯಾಸಗಳನ್ನು ನಿಮಿಷದ ಲೆಕ್ಕದೊಂದಿಗೆ ಬರೆದು ಕಳುಹಿಸುವಿರಾ? ನಮ್ಮ ವರಾಂಡ ಸುಮಾರು 20 ಮೀಟರ್ ಉದ್ದ, 3 ಮೀಟರ್ ಅಗಲವಿದೆ, ಒಂದು ಬದಿಯಲ್ಲಿ ಕಂಬಗಳಿವೆ. ಮಳೆ ಹಿಡಿಯಲು ಇನ್ನು ಮೂರು ವಾರವಿದೆ.